ವಯಸ್ಸಾದ ನಾಯಿಯ ಕಣ್ಣು ಮಂಜಾಗಿದೆ, ಒಂದು ಕಣ್ಣು ಕೆಂಪಾಗಿದೆ: ಏನು ಮಾಡಲಿ?

ಪ್ರಶ್ನೆ: ನಮ್ಮ ಜೂಲಿಗೆ ಈಗ 11 ವರ್ಷ. ಲ್ಯಾಬ್ರಡಾರ್, ಹೆಣ್ಣು. ಮರಿಯಾಗದ ಆಪರೇಷನ್ ಮಾಡಿಸಿಲ್ಲ. ಎರಡು ವರ್ಷದಿಂದ ಅವಳ ಎರಡೂ ಕಣ್ಣು ನಿಧಾನವಾಗಿ ನೀಲಿ ಬೂದು ಬಣ್ಣಕ್ಕೆ ತಿರುಗಿವೆ. ರಾತ್ರಿ ಮೆಟ್ಟಿಲು ಇಳಿಯಲು ಹಿಂದೆಮುಂದೆ ನೋಡುತ್ತಾಳೆ. ಪಕ್ಕದ ಮನೆಯವರು ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂದರು. ಹೋದ ವಾರ ಎಡಗಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನಮ್ಮ ಯಜಮಾನರ ಪೊರೆ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್ ಉಳಿದಿತ್ತು, ಅದನ್ನೇ ಹಾಕಿದೆ. ಎರಡು ದಿನ ಕಡಿಮೆಯಾಯಿತು, ಈಗ ಮತ್ತೆ ಕೆಂಪು. ನಂದಿಬಟ್ಟಲು ಹೂವಿನ ರಸ ಹಾಕಬಹುದಾ? ಈ ವಯಸ್ಸಿನಲ್ಲಿ ಆಪರೇಷನ್ ತಡೆದುಕೊಳ್ಳುತ್ತಾಳಾ? ಇತ್ತೀಚೆಗೆ ನೀರು ಕುಡಿಯುವುದೂ ಜಾಸ್ತಿಯಾಗಿದೆ, ಬಿಸಿಲಿಗೆ ಇರಬಹುದು.
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದಲು ಆ ಡ್ರಾಪ್ಸ್ ನಿಲ್ಲಿಸಿ. ಇವತ್ತೇ, ತಪ್ಪಿದರೆ ನಾಳೆ ಬೆಳಿಗ್ಗೆ, ಜೂಲಿಯನ್ನು ಪಶುವೈದ್ಯರಿಗೆ ತೋರಿಸಿ. ನಿಮ್ಮ ಚಿಂತೆ ಎರಡು ವರ್ಷದ ಬೂದು ಬಣ್ಣದ ಬಗ್ಗೆ. ನನ್ನ ಚಿಂತೆ ಒಂದು ವಾರದ ಕೆಂಪಿನ ಬಗ್ಗೆ. ಜೊತೆಗೆ, ಕೊನೆಯಲ್ಲಿ ಬಿಸಿಲಿನ ಮೇಲೆ ಹಾಕಿ ಬಿಟ್ಟ ಆ ನೀರಿನ ಮಾತಿನ ಬಗ್ಗೆ. ಹೆಚ್ಚಿನವರು ಹೀಗೇ ಮಾಡುತ್ತಾರೆ. ಕಣ್ಣು ಬೆಳ್ಳಗಾದರೆ ಗಾಬರಿ, ಕೆಂಪಾದರೆ ‘ಧೂಳು ಬಿದ್ದಿರಬೇಕು ಬಿಡು’. ಆಗಬೇಕಾದ್ದು ಇದರ ಉಲ್ಟಾ. ವರ್ಷಗಟ್ಟಲೆ ನಿಧಾನವಾಗಿ ಬಂದ ಮಂಜಿಗೆ ಸಮಯ ಇರುತ್ತದೆ. ಕೆಂಪು ಕಣ್ಣಿಗೆ ಎಷ್ಟೋ ಸಲ ಒಂದು ದಿನವೂ ಇರುವುದಿಲ್ಲ.

ಡ್ರಾಪ್ಸ್ ವಿಷಯ ಮೊದಲು ಮುಗಿಸೋಣ. ಪೊರೆ ಆಪರೇಷನ್ ಆದವರಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಇರುತ್ತದೆ. ಬಾಟಲಿಯ ಲೇಬಲ್ ನೋಡಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಅದು ಕೆಂಪನ್ನು ಬೇಗ ಇಳಿಸುತ್ತದೆ, ಕೆಂಪಿನ ಕಾರಣ ಹಾಗೇ ಉಳಿಯಬಹುದು. ಎರಡು ದಿನ ಕಡಿಮೆಯಾಗಿ ಮತ್ತೆ ಬಂದದ್ದು ಅದಕ್ಕೇ ಇರಬೇಕು. ನಿಜವಾದ ಅಪಾಯ ಬೇರೆ ಇದೆ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪವೇ ಜಾಸ್ತಿ ದಪ್ಪ. ಅದರ ಮೇಲೆ ಗಾಯ ಇದ್ದಾಗ ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ಸೋಂಕು ಸೇರಿಕೊಂಡರೆ ಆ ಜಾಗ ಕರಗಿ ತೂತಾಗುವುದೂ ಉಂಟು, ಅದೂ ಒಂದೆರಡು ದಿನದಲ್ಲಿ. ನಾಯಿಗೆ ಸ್ಟೀರಾಯ್ಡ್ ಡ್ರಾಪ್ಸೇ ಹಾಕಬಾರದು ಅಂತಲ್ಲ, ಕೆಲವು ಕಾಯಿಲೆಗೆ ಅದೇ ಔಷಧಿ. ಗಾಯ ಇಲ್ಲ ಅಂತ ಪರೀಕ್ಷೆ ಮಾಡಿ ಖಚಿತವಾದ ಮೇಲೆ ಮಾತ್ರ. ಪಾಪೆ ಅಗಲ ಮಾಡುವ ಹೋಮಾಟ್ರೋಪಿನ್, ಅಟ್ರೋಪಿನ್ ಡ್ರಾಪ್ಸ್ ಕೂಡ ಮನೆಯಲ್ಲಿ ಉಳಿದಿರಬಹುದು. ಕಣ್ಣಿನ ಒತ್ತಡ ಏರಿದ್ದ ನಾಯಿಗೆ ಅದು ಬಿದ್ದರೆ ಇನ್ನೂ ಕೆಡುತ್ತದೆ.

ನಂದಿಬಟ್ಟಲು ಬೇಡ. ಎದೆಹಾಲು, ಜೇನುತುಪ್ಪ, ಹರಳೆಣ್ಣೆ ಯಾವುದೂ ಬೇಡ. ಹೂವಿನ ಮೇಲೆ ನನಗೆ ದ್ವೇಷ ಏನಿಲ್ಲ. ಅಂಗಳದಲ್ಲಿ ಕಿತ್ತು ಕೈಯಲ್ಲಿ ಹಿಂಡಿದ ರಸದ ಜೊತೆ ಬ್ಯಾಕ್ಟೀರಿಯಾ, ಫಂಗಸ್ ಎಲ್ಲ ಬರುತ್ತವೆ. ಗಾಯವಾದ ಕಾರ್ನಿಯಾಕ್ಕೆ ಅವು ನೇರವಾಗಿ ಇಳಿಯುತ್ತವೆ. ಡಾಕ್ಟರ್ ಸಿಗುವವರೆಗೆ ಸ್ಟೆರೈಲ್ ನಾರ್ಮಲ್ ಸಲೈನ್‌ನಿಂದ ಕಣ್ಣು ತೊಳೆಯಿರಿ, ಅಷ್ಟು ಸಾಕು. ಉಜ್ಜಿಕೊಳ್ಳುತ್ತಿದ್ದರೆ ಕೋನ್ ಕಾಲರ್ ಹಾಕಿ. ನಾಯಿ ತನ್ನ ಕಣ್ಣನ್ನು ತಾನೇ ಪರಚಿಕೊಂಡು ಮಾಡಿಕೊಳ್ಳುವ ಹಾನಿ ಕಡಿಮೆಯೇನಲ್ಲ.

ಈಗ ಕೆಂಪಿಗೆ ಬರೋಣ. ಕ್ಲಿನಿಕ್‌ಗೆ ಹೋದಾಗ ಮೂರು ಪರೀಕ್ಷೆ ಮಾಡಲು ಹೇಳಿ. ಸಂಕೋಚ ಬೇಡ. ಮೊದಲನೆಯದು ಶಿರ್ಮರ್ ಟೆಸ್ಟ್. ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ಒಂದು ನಿಮಿಷ ಇಟ್ಟು, ಕಣ್ಣೀರು ಎಷ್ಟು ದೂರ ಏರಿತು ಅಂತ ನೋಡುತ್ತಾರೆ. 15 ಮಿಲಿಮೀಟರ್ ಅಥವಾ ಮೇಲಿದ್ದರೆ ಸರಿ. 10ಕ್ಕಿಂತ ಕಡಿಮೆಯಿದ್ದರೆ ಕಣ್ಣೀರು ಸಾಲುತ್ತಿಲ್ಲ ಅಂತ ಅನುಮಾನಿಸಬೇಕು. 5ಕ್ಕಿಂತ ಕಡಿಮೆಯಾದರೆ ಪರಿಸ್ಥಿತಿ ಕೆಟ್ಟಿದೆ. ಬೇರೆ ಡ್ರಾಪ್ಸ್ ಹಾಕುವ ಮೊದಲೇ ಇದನ್ನು ಮಾಡಬೇಕು, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ಎರಡನೆಯದು ಫ್ಲೋರೆಸೀನ್ ಬಣ್ಣ. ಕಾರ್ನಿಯಾದಲ್ಲಿ ಗಾಯ ಇದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ಮೂರನೆಯದು ಟೋನೋಮೀಟರ್‌ನಲ್ಲಿ ಕಣ್ಣಿನ ಒತ್ತಡ. ಸುಮಾರು 10ರಿಂದ 25 ಮಿ.ಮೀ. ಪಾದರಸದವರೆಗೆ ಸಹಜ. ಟೋನೋಮೀಟರ್ ಎಲ್ಲ ಕ್ಲಿನಿಕ್‌ನಲ್ಲೂ ಇರುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಅಂಥ ದೂರವಲ್ಲ.

ಈ ಮೂರರಲ್ಲಿ ಒತ್ತಡದ ಪರೀಕ್ಷೆಯನ್ನು ಬಿಟ್ಟುಬಿಡುವುದೇ ಜಾಸ್ತಿ. ಬಿಟ್ಟದ್ದಕ್ಕೆ ಹೆಚ್ಚು ಬೆಲೆ ತೆರಬೇಕಾಗುವುದೂ ಅದಕ್ಕೇ. ಕಣ್ಣಿನೊಳಗಿನ ದ್ರವ ಹೊರಗೆ ಹರಿಯುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಇದೇ ಗ್ಲಾಕೋಮಾ. ಕಾಕರ್ ಸ್ಪ್ಯಾನಿಯಲ್, ಬೀಗಲ್, ಬ್ಯಾಸೆಟ್ ಹೌಂಡ್ ತಳಿಗಳಲ್ಲಿ ವಂಶದಿಂದಲೇ ಬರುತ್ತದೆ. ಉಳಿದವುಗಳಿಗೆ ಒಳಗಿನ ಉರಿಯೂತ, ಜಾಗ ಬಿಟ್ಟ ಲೆನ್ಸ್ (ಪಾಪೆಯ ಹಿಂದಿರುವ ಮಸೂರ), ಗಡ್ಡೆ ಇಂಥ ಕಾರಣಗಳಿಂದ ಬರಬಹುದು. ಬಿಳಿಗುಡ್ಡೆ ಕೆಂಪಗೆ, ಕಾರ್ನಿಯಾ ನೀಲಿ ಮಬ್ಬಾಗಿ, ಪಾಪೆ ಅಗಲವಾಗಿ ಬೆಳಕಿಗೂ ಕುಗ್ಗದೆ ನಿಂತಿದ್ದರೆ ಇದನ್ನೇ ಮೊದಲು ನೆನೆಯಬೇಕು. ಒತ್ತಡ ತೀರಾ ಏರಿದರೆ ಒಂದರಿಂದ ಮೂರು ದಿನದೊಳಗೆ ದೃಷ್ಟಿ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ಸಮಯಕ್ಕೆ ಸಿಕ್ಕರೆ ರಕ್ತನಾಳಕ್ಕೆ ಮ್ಯಾನಿಟಾಲ್ ಕೊಟ್ಟು, ಡಾರ್ಜೊಲಮೈಡ್, ಟಿಮೊಲಾಲ್, ಲ್ಯಾಟನೊಪ್ರಾಸ್ಟ್ ಡ್ರಾಪ್ಸ್ ಹಾಕಿ ಇಳಿಸುತ್ತಾರೆ. ಲ್ಯಾಟನೊಪ್ರಾಸ್ಟ್ ಎಲ್ಲರಿಗೂ ಆಗುವುದಿಲ್ಲ. ಲೆನ್ಸ್ ಮುಂದಕ್ಕೆ ಜಾರಿದ್ದರೆ ಅದು ಅಪಾಯ. ವಂಶದಿಂದ ಬಂದ ಗ್ಲಾಕೋಮಾ ಆದರೆ ಇನ್ನೊಂದು ಕಣ್ಣಿಗೂ ಬರುವ ಸಾಧ್ಯತೆ ತುಂಬಾ. ಹಾಗಾಗಿ ಚೆನ್ನಾಗಿರುವ ಕಣ್ಣಿಗೂ ಮೊದಲೇ ಡ್ರಾಪ್ಸ್ ಶುರು ಮಾಡುತ್ತಾರೆ.

ನಾಯಿ ಕಣ್ಣುನೋವಿಗೆ ಕೂಗುವುದಿಲ್ಲ. ಮೂಲೆಯಲ್ಲಿ ಮಲಗುತ್ತದೆ, ಊಟ ಅರ್ಧಕ್ಕೆ ಬಿಡುತ್ತದೆ, ತಲೆ ಸವರಲು ಹೋದರೆ ಹಿಂದೆ ಸರಿಯುತ್ತದೆ. ಮನೆಯವರು ‘ವಯಸ್ಸಾಯ್ತು ಪಾಪ’ ಅನ್ನುತ್ತಾರೆ. ದೃಷ್ಟಿ ಹೋಗಿ ನೋವು ಮಾತ್ರ ಉಳಿದ ಕಣ್ಣನ್ನು ತೆಗೆಸಿಬಿಡಿ ಅಂತ ನಾನು ಹೇಳಿದಾಗ ಬಹಳಷ್ಟು ಜನ ನನ್ನನ್ನು ಕಟುಕನ ಹಾಗೆ ನೋಡುತ್ತಾರೆ. ತೆಗೆಸಿದ ಎರಡು ವಾರಕ್ಕೆ ಅದೇ ನಾಯಿ ಚೆಂಡು ಹಿಡಿದುಕೊಂಡು ಬಂದಾಗ ಅವರಿಗೇ ಗೊತ್ತಾಗುತ್ತದೆ, ಅದು ‘ವಯಸ್ಸು’ ಆಗಿರಲಿಲ್ಲ ಅಂತ.

ಒಣ ಕಣ್ಣಿನ ಕಥೆ ಬೇರೆ. ಕ್ಲಿನಿಕ್‌ನಲ್ಲಿ ಡ್ರೈ ಐ ಅಂತಲೇ ಹೇಳುತ್ತಾರೆ. ಪಗ್, ಶಿಟ್ಜು, ಲಾಸಾ, ಕಾಕರ್ ಇದ್ದವರು ಇದನ್ನು ಗಮನವಿಟ್ಟು ಓದಿ. ಕಣ್ಣೀರಿನ ಗ್ರಂಥಿಯನ್ನು ದೇಹದ ರೋಗನಿರೋಧಕ ಶಕ್ತಿಯೇ ಹಾಳು ಮಾಡುತ್ತಾ ಬರುತ್ತದೆ. ಹೊರಗೆ ಕಾಣುವುದು ಅಂಟಂಟಾದ ಹಳದಿ ಗೀಜು, ಹೊಳಪು ಕಳೆದುಕೊಂಡ ಕಣ್ಣು. ಇನ್ಫೆಕ್ಷನ್ ಅಂತ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಡ್ರಾಪ್ಸ್ ಬದಲಾಯಿಸುತ್ತಲೇ ಇರುತ್ತಾರೆ. ಹಾಕಿದಾಗ ಸ್ವಲ್ಪ ವಾಸಿ, ಬಿಟ್ಟರೆ ಮತ್ತೆ ಅದೇ. ಅಷ್ಟರಲ್ಲಿ ಕಾರ್ನಿಯಾ ಮೇಲೆ ಕಪ್ಪು ಪೊರೆ ಬೆಳೆದು ನೋಟ ಮುಚ್ಚುತ್ತದೆ. ಔಷಧಿ ಸೈಕ್ಲೋಸ್ಪೊರಿನ್ ಅಥವಾ ಟ್ಯಾಕ್ರೊಲಿಮಸ್. ಫಲ ಕಾಣಲು ಒಂದು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬೇಕು. ಆಮೇಲೆ ಜೀವನಪೂರ್ತಿ ಹಾಕಬೇಕು. ‘ವಾಸಿಯಾಯ್ತಲ್ಲ’ ಅಂತ ನಿಲ್ಲಿಸಿದವರು ಹೆಚ್ಚಾಗಿ ಮತ್ತೆ ಬಂದೇ ಬರುತ್ತಾರೆ. ಜೂಲಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು ಅಂದಿದ್ದೀರಿ, ಗೀಜಿನ ಮಾತು ಹೇಳಿಲ್ಲ. ಹಾಗಾಗಿ ನನ್ನ ಅನುಮಾನ ಗಾಯ ಅಥವಾ ಒಳಗಿನ ಉರಿಯೂತದ ಕಡೆಗೆ ಹೋಗುತ್ತದೆ. ಆದರೂ ಪಟ್ಟಿ ಇಟ್ಟು ನೋಡಲಿ.

ಒಳಗಿನ ಉರಿಯೂತಕ್ಕೆ ಯುವಿಯೈಟಿಸ್ ಅನ್ನುತ್ತಾರೆ. ಪಾಪೆ ಚಿಕ್ಕದಾಗಿರುತ್ತದೆ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಒತ್ತಡ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಉಣ್ಣೆ ಹುಳದಿಂದ (ಉಣುಗು) ಬರುವ ಟಿಕ್ ಫೀವರ್, ಮುಖ್ಯವಾಗಿ ಎರ್ಲಿಕಿಯಾ ಅನ್ನುವ ಬ್ಯಾಕ್ಟೀರಿಯಾದ್ದು. ಪ್ಲೇಟ್‌ಲೆಟ್ ಇಳಿದು ಕಣ್ಣೊಳಗೆ ರಕ್ತಸ್ರಾವವಾಗಿ ನಾಯಿ ದಿಢೀರನೆ ಕುರುಡಾಗುವುದೂ ಇದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ನಾಲ್ಕು ವಾರ ಪೂರ್ತಿ ಕೊಡಬೇಕು. ಹಾಗಾಗಿ ಜೂಲಿಗೆ ರಕ್ತಪರೀಕ್ಷೆ ಹೇಗೂ ಬೇಕು. ಅಂದಹಾಗೆ, ರೆಪ್ಪೆಯ ಅಂಚನ್ನೂ ಒಮ್ಮೆ ನೋಡಿ. ವಯಸ್ಸಾದ ನಾಯಿಗಳಿಗೆ ಅಲ್ಲಿ ನರುಳ್ಳೆಯಂಥ ಸಣ್ಣ ಗಂಟು ಬರುತ್ತದೆ. ಹೆಚ್ಚಿನವು ಕೆಟ್ಟ ಗಡ್ಡೆಯಲ್ಲ, ಆದರೆ ಕಾರ್ನಿಯಾಕ್ಕೆ ಉಜ್ಜುತ್ತಿದ್ದರೆ ಕೆಂಪು ಹೋಗುವುದೇ ಇಲ್ಲ. ಚಿಕ್ಕದಿರುವಾಗಲೇ ತೆಗೆಸುವುದು ಸುಲಭ.

ಇನ್ನು ಆ ನೀರಿನ ಮಾತು. ನಾಯಿ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಕುಡಿಯುತ್ತದೆ. ಬಿಸಿಲಿಗೆ ಸ್ವಲ್ಪ ಏರಬಹುದು. 100 ಮಿ.ಲೀ. ದಾಟಿದರೆ ಅದು ಕಾಯಿಲೆ ಅಂತಲೇ ಹಿಡಿದು ಹುಡುಕಬೇಕು. ಜೂಲಿ 30 ಕೆ.ಜಿ. ಇದ್ದರೆ ದಿನಕ್ಕೆ 3 ಲೀಟರ್. ನಾಳೆ ಅಳತೆ ಮಾಡಿ ಬಟ್ಟಲಿಗೆ ಸುರಿದು, ರಾತ್ರಿ ಉಳಿದದ್ದನ್ನು ಕಳೆದು ಲೆಕ್ಕ ಹಾಕಿ. ಮರಿಯಾಗದ ಆಪರೇಷನ್ ಮಾಡಿಸದ, ವಯಸ್ಸಾದ ಹೆಣ್ಣು ನಾಯಿಗೆ ಸಕ್ಕರೆ ಕಾಯಿಲೆ ಬರುವುದು ಜಾಸ್ತಿ. ಬೆದೆ ಮುಗಿದ ಮೇಲೆ ಏರುವ ಪ್ರೊಜೆಸ್ಟರಾನ್ ಹಾರ್ಮೋನ್‌ನಿಂದ ಇನ್ಸುಲಿನ್ ಕೆಲಸ ಮಾಡದಂತಾಗುತ್ತದೆ. ರಕ್ತದ ಸಕ್ಕರೆ ಸುಮಾರು 200 ದಾಟಿದರೆ ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಬಾಯಾರಿಕೆ. ಇನ್ನೊಂದು ಸಾಧ್ಯತೆಯೂ ಇದೆ, ಅದು ಇನ್ನೂ ತುರ್ತು. ಜೂಲಿ ಕಳೆದ ಒಂದೆರಡು ತಿಂಗಳಲ್ಲಿ ಬೆದೆಗೆ ಬಂದಿದ್ದಳಾ? ನಾಯಿಗಳಿಗೆ ಮುಟ್ಟು ನಿಲ್ಲುವ ವಯಸ್ಸು ಅಂತ ಇಲ್ಲ, 11ರಲ್ಲೂ ಬೆದೆ ಬರುತ್ತದೆ. ಆಮೇಲೆ ಗರ್ಭಕೋಶದಲ್ಲಿ ಕೀವು ತುಂಬಿದರೆ ಮೊದಲು ಕಾಣುವುದು ಹೀಗೇ, ಜಾಸ್ತಿ ನೀರು ಮತ್ತು ಮಂಕು. ಆ ವಿಷ ರಕ್ತದಲ್ಲಿ ಸೇರಿ ಕಣ್ಣೊಳಗೂ ಉರಿಯೂತ ತರಬಹುದು. ಬೆದೆ ಬಂದ ದಿನ ನೆನಪಿದ್ದರೆ ಡಾಕ್ಟರಿಗೆ ಹೇಳಿ. ಸಕ್ಕರೆ, ಕಿಡ್ನಿ, ಪೂರ್ತಿ ರಕ್ತದ ಎಣಿಕೆ, ಮೂತ್ರ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ರಕ್ತದೊತ್ತಡವನ್ನೂ ನೋಡಲಿ. ಕಿಡ್ನಿ ಕೆಟ್ಟ ನಾಯಿಗೆ ಬಿ.ಪಿ. ಏರಿ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ಕಳಚಿಕೊಳ್ಳಬಹುದು.

ಅಷ್ಟಾದ ಮೇಲೆ ನಿಮ್ಮ ಬೂದು ಬಣ್ಣ. ಎರಡೂ ಕಣ್ಣಿಗೆ ಒಂದೇ ಸಮನೆ, ಎರಡು ವರ್ಷ ತೆಗೆದುಕೊಂಡು ಬಂದಿದೆ ಅಂದರೆ ಅದು ಪೊರೆ ಆಗಿರದೆ ಇರುವ ಸಾಧ್ಯತೆಯೇ ಹೆಚ್ಚು. ಕಣ್ಣಿನ ಲೆನ್ಸ್‌ಗೆ ಬದುಕಿರುವಷ್ಟು ದಿನವೂ ಹೊರಗಿನಿಂದ ಹೊಸ ಎಳೆಗಳು ಸೇರುತ್ತಲೇ ಇರುತ್ತವೆ. ದಾರದ ಉಂಡೆಗೆ ಸುತ್ತುತ್ತಾ ಹೋದ ಹಾಗೆ. ನಡುವಿನ ಹಳೆಯ ಎಳೆಗಳು ಒತ್ತಿಕೊಂಡು ಗಟ್ಟಿಯಾಗುತ್ತವೆ, ಬೆಳಕನ್ನು ಚೆದುರಿಸುತ್ತವೆ. ನಮಗೆ ಅದು ನೀಲಿ ಮಂಜಾಗಿ ಕಾಣುತ್ತದೆ. ಆರೇಳು ವರ್ಷ ದಾಟಿದ ನಾಯಿಗಳಲ್ಲಿ ಶುರುವಾಗಿ, ಮುಪ್ಪಿನಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಬರುತ್ತದೆ. ಲ್ಯಾಬ್ರಡಾರ್ ಆಗಲಿ, ಮುಧೋಳ ಆಗಲಿ, ಬೀದಿನಾಯಿ ಆಗಲಿ ವ್ಯತ್ಯಾಸ ಇಲ್ಲ. ಹತ್ತಿರದ್ದು ಸ್ವಲ್ಪ ಮಸುಕಾಗಬಹುದು. ಕೈಯಲ್ಲಿರುವ ಬಿಸ್ಕತ್ತು ಮೂಸಿ ಹುಡುಕುತ್ತದಲ್ಲ, ಅದು ಇದೇ. ಓಡಾಡಲು ಏನೂ ತೊಂದರೆಯಿಲ್ಲ, ಚಿಕಿತ್ಸೆಯೂ ಬೇಡ.

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಕತ್ತಲೆ ಕೋಣೆಯಲ್ಲಿ, ಒಂದು ಮಾರು ದೂರದಲ್ಲಿ ಕೂತು, ಸಣ್ಣ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲಿ ಹಿಡಿದು ಜೂಲಿಯ ಕಣ್ಣಿಗೆ ಬಿಡಿ. ರಾತ್ರಿ ಕಾರಿನ ಬೆಳಕಿಗೆ ನಾಯಿಯ ಕಣ್ಣು ಹಸಿರು ಹಳದಿಯಾಗಿ ಹೊಳೆಯುತ್ತದಲ್ಲ, ಆ ಹೊಳಪು ಪಾಪೆಯ ತುಂಬಾ ಬಂದರೆ ಬೆಳಕು ಲೆನ್ಸ್ ದಾಟಿ ಹಿಂದಿನವರೆಗೆ ಹೋಗುತ್ತಿದೆ ಅಂತ ಅರ್ಥ. ಅದು ವಯಸ್ಸಿನ ಮಂಜು. ಹೊಳಪಿನ ನಡುವೆ ಕಪ್ಪು ಮಚ್ಚೆ ಅಡ್ಡ ಬಂದರೆ, ಅಥವಾ ಹೊಳಪೇ ಬರದೆ ಬರೀ ಬಿಳುಪು ಕಂಡರೆ ಅದು ಪೊರೆ. ಮೊಬೈಲ್ ಫ್ಲ್ಯಾಶ್ ಹಾಕಿ ತಿಂಗಳಿಗೊಂದು ಫೋಟೋ ತೆಗೆದಿಟ್ಟರೂ ಆಗುತ್ತದೆ. ಎಡಗಣ್ಣು ನೋಯುತ್ತಿರುವಾಗ ಮಾತ್ರ ಈ ಪ್ರಯೋಗ ಬೇಡ, ವಾಸಿಯಾಗಲಿ.

ಪೊರೆಯೇ ಆಗಿದ್ದರೆ? ಅದನ್ನು ಕರಗಿಸುವ ಡ್ರಾಪ್ಸ್ ಇಲ್ಲ. ಆನ್‌ಲೈನ್‌ನಲ್ಲಿ ಯಾರು ಏನೇ ಮಾರಲಿ, ದುಡ್ಡು ದಂಡ. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಹೆಚ್ಚಿನವಕ್ಕೆ ಒಂದು ಒಂದೂವರೆ ವರ್ಷದೊಳಗೆ ಪೊರೆ ಬರುತ್ತದೆ, ಕೆಲವಕ್ಕೆ ಕೆಲವೇ ದಿನದಲ್ಲಿ ಕಣ್ಣು ಪೂರ್ತಿ ಬೆಳ್ಳಗಾಗುತ್ತದೆ. ಲೆನ್ಸ್‌ನೊಳಗೆ ಸಕ್ಕರೆ ಸಾರ್ಬಿಟಾಲ್ ಆಗಿ ಬದಲಾಗಿ ನೀರು ಹೀರಿಕೊಂಡು ಊದುತ್ತದೆ. ಹೀಗೆ ಬೇಗ ಬಂದ ಬಿಳುಪು ಬೇರೆ ಲೆಕ್ಕ, ಅದಕ್ಕೆ ತಡ ಮಾಡುವಂತಿಲ್ಲ. ಇನ್ಸುಲಿನ್ ಶುರು ಮಾಡಿದರೂ ಬಂದ ಪೊರೆ ಹಿಂದೆ ಹೋಗುವುದಿಲ್ಲ.

ಆಪರೇಷನ್ ಮನುಷ್ಯರದ್ದೇ ವಿಧಾನ, ಫೇಕೊ. ಶಬ್ದತರಂಗದಿಂದ ಲೆನ್ಸ್ ಪುಡಿ ಮಾಡಿ ಹೀರಿ ತೆಗೆದು, ನಾಯಿಯ ಕಣ್ಣಿಗೆಂದೇ ಮಾಡಿದ ಲೆನ್ಸ್ ಕೂರಿಸುತ್ತಾರೆ. ನಿಮ್ಮ ಯಜಮಾನರು ಅವತ್ತೇ ಮನೆಗೆ ನಡೆದು ಬಂದಿರಬಹುದು. ನಾಯಿಗೆ ಪೂರ್ತಿ ಅರಿವಳಿಕೆ ಬೇಕು, ಆಪರೇಷನ್ ನಂತರದ ಉರಿಯೂತವೂ ಜಾಸ್ತಿ. ದಿನಕ್ಕೆ ಹಲವು ಸಲ ಡ್ರಾಪ್ಸ್, ವಾರಗಟ್ಟಲೆ ಕೋನ್, ಮತ್ತೆ ಮತ್ತೆ ಒತ್ತಡದ ತಪಾಸಣೆ. ಮುಂಚೆ ರೆಟಿನಾ ಕೆಲಸ ಮಾಡುತ್ತಿದೆಯಾ ಅಂತ ಇ.ಆರ್.ಜಿ. ಪರೀಕ್ಷೆ, ಕಣ್ಣಿನ ಅಲ್ಟ್ರಾಸೌಂಡ್ ಮಾಡಲೇಬೇಕು. ಹಿಂದಿನ ಪರದೆಯೇ ಸತ್ತಿದ್ದರೆ ಹೊಸ ಲೆನ್ಸ್ ಹಾಕಿ ಏನು ಬಂತು? ಈ ಸೌಲಭ್ಯ ಇರುವ ಕಡೆ ಕಡಿಮೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಅವರೇ ದಾರಿ ಹೇಳುತ್ತಾರೆ. ಖಾಸಗಿಯಲ್ಲಾದರೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ.

ತಡೆದುಕೊಳ್ಳುತ್ತಾಳಾ ಅಂದರೆ, 11 ವರ್ಷ ಅನ್ನುವ ಒಂದೇ ಕಾರಣಕ್ಕೆ ನಾನು ಬೇಡ ಅನ್ನುವುದಿಲ್ಲ. ಹೃದಯ, ಕಿಡ್ನಿ, ಸಕ್ಕರೆ ಸರಿಯಿದ್ದರೆ ತಡೆದುಕೊಳ್ಳುತ್ತಾಳೆ. ಆಪರೇಷನ್ ಬೇಡ ಅಂತ ನಿರ್ಧರಿಸಿದರೂ ತಪ್ಪೇನಿಲ್ಲ. ಆದರೆ ಹಣ್ಣಾದ ಪೊರೆಯಿಂದ ಸೋರುವ ಪ್ರೋಟೀನ್ ಉರಿಯೂತ ತರುತ್ತದೆ, ಅದರಿಂದ ಗ್ಲಾಕೋಮಾ ಆಗಬಹುದು. ಹಾಗಾಗಿ ಡ್ರಾಪ್ಸ್ ಮತ್ತು ಕೆಲವು ತಿಂಗಳಿಗೊಮ್ಮೆ ತಪಾಸಣೆ ತಪ್ಪುವುದಿಲ್ಲ.

ಮೆಟ್ಟಿಲಿನ ವಿಷಯದಲ್ಲಿ ಕಣ್ಣನ್ನೇ ದೂರಬೇಡಿ. 11 ವರ್ಷದ ಲ್ಯಾಬ್ರಡಾರ್ ಅಂದರೆ ಸೊಂಟದ ಕೀಲು, ಮೊಣಕೈ ನೋವು ಇಲ್ಲದೆ ಇರುವುದೇ ಅಪರೂಪ. ಬೆಳಕು ಚೆನ್ನಾಗಿ ಹಾಕಿದಾಗಲೂ ಹಿಂಜರಿದರೆ ಕೀಲು ಪರೀಕ್ಷೆ ಮಾಡಿಸಿ. ಕತ್ತಲಲ್ಲಿ ಮಾತ್ರ ಆದರೆ ರೆಟಿನಾ ನೋಡಬೇಕು. ಲ್ಯಾಬ್ರಡಾರ್‌ಗಳಲ್ಲಿ ವಂಶದಿಂದ ಬರುವ, ರೆಟಿನಾ ನಿಧಾನವಾಗಿ ಸವೆಯುವ ಪಿ.ಆರ್.ಎ. ಅನ್ನುವ ಕಾಯಿಲೆ ಇರುಳುಗುರುಡಿನಿಂದಲೇ ಶುರುವಾಗುತ್ತದೆ. ಚಿಕಿತ್ಸೆ ಇಲ್ಲ, ನೋವೂ ಇಲ್ಲ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಅವಳ ಮುಂದೆ ಮೇಲಿಂದ ಹತ್ತಿ ಉಂಡೆ ಬೀಳಿಸಿ. ಸದ್ದಿಲ್ಲ, ವಾಸನೆಯಿಲ್ಲ. ಕಣ್ಣು ಅದನ್ನು ಹಿಂಬಾಲಿಸಿದರೆ ಕಾಣುತ್ತಿದೆ. ಕಣ್ಣಮುಂದೆ ಕೈ ಬೀಸಿ ನೋಡಬೇಡಿ, ಗಾಳಿ ತಾಗಿದರೆ ಕುರುಡು ನಾಯಿಯೂ ರೆಪ್ಪೆ ಬಡಿಯುತ್ತದೆ.

ಮುಂದೆ ಎಂದಾದರೂ ದೃಷ್ಟಿ ಪೂರ್ತಿ ಹೋದರೂ ನಾಯಿ ನಾವು ಅಂದುಕೊಂಡಷ್ಟು ಕುಗ್ಗುವುದಿಲ್ಲ. ಮನೆಯ ನಕ್ಷೆ ಅದರ ಮೂಗಿನಲ್ಲಿ, ಕಾಲಡಿಯಲ್ಲಿ ಇರುತ್ತದೆ. ಸೋಫಾ, ಮಂಚ, ನೀರಿನ ಬಟ್ಟಲು ಜಾಗ ಬದಲಾಯಿಸಬೇಡಿ. ಮುಟ್ಟುವ ಮೊದಲು ಹೆಸರು ಕೂಗಿ. ಮೆಟ್ಟಿಲು ಶುರುವಾಗುವಲ್ಲಿ ಒರಟು ಮ್ಯಾಟ್ ಹಾಕಿ, ಕಾಲಿಗೆ ಗೊತ್ತಾಗಲಿ. ಮಹಡಿಯಿದ್ದರೆ ಮೇಲೆ ಒಂದು ಸಣ್ಣ ಗೇಟ್ ಇಡಿಸಿ. ಅಂಗಳದ ಸಂಪಿನ ಮುಚ್ಚಳ ತೆರೆದಿಟ್ಟು ಮರೆಯುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ಈಗಲೇ ಬಿಡಿಸಿ.

ಸದ್ಯಕ್ಕೆ ಇವೆಲ್ಲ ಆಮೇಲಿನ ಮಾತು. ಡಾಕ್ಟರ್ ಹತ್ತಿರ ಹೋಗುವಾಗ ಯಜಮಾನರ ಆ ಡ್ರಾಪ್ಸ್ ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಹಾಕಿದಿರಿ ಅಂತ ಮುಚ್ಚಿಡದೆ ಹೇಳಿ. ಸಾಧ್ಯವಾದರೆ ಬೆಳಗಿನ ಮೊದಲ ಮೂತ್ರವನ್ನು ಶುಭ್ರವಾದ ಡಬ್ಬಿಯಲ್ಲಿ ಹಿಡಿದು ಒಯ್ಯಿರಿ.